ಲಡಾಖ್ ಪ್ಯಾಕೇಜ್ ಕೊಳ್ಳುವ ಮುನ್ನ ಹಾಸಿಗೆಯ ಎತ್ತರ ಕೇಳಿ

ಹೊಸದಾಗಿ ಮದುವೆಯಾಗಿಯೋ ವಾರ್ಷಿಕೋತ್ಸವದ ನೆಪದಲ್ಲೋ ಲಡಾಖ್‌ಗೆ ಹೊರಟಿರುವ ಜೋಡಿಗಳು ದಯವಿಟ್ಟು ಇದನ್ನು ಓದಿ. ಅಲ್ಲಿಗೆ ಹೋಗಲೇಬೇಡಿ ಎನ್ನುತ್ತಿಲ್ಲ. ಆದರೆ ವಿಮಾನದಲ್ಲಿ ಲೇಹ್‌ಗೆ ಇಳಿಸಿ, ಮರುದಿನವೇ ನುಬ್ರಾ ಕಣಿವೆಗೆ ಅಟ್ಟಿ, ಅದರ ಮರುದಿನ ಪ್ಯಾಂಗಾಂಗ್ ಸರೋವರದ ದಡದ ಡೇರೆಯಲ್ಲಿ ಮಲಗಿಸುವ ‘ಜೋಡಿ ಸಾಹಸ ಪ್ಯಾಕೇಜ್’ ಯಾರಾದರೂ ಮಾರಲು ಬಂದರೆ ಮುಂಗಡ ಕೊಡಬೇಡಿ. ಅಂಥದ್ದೇ ಪ್ರವಾಸದಲ್ಲಿ ನನ್ನ ಗಂಡನನ್ನು ಆ ಡೇರೆಯಿಂದ ನಡುರಾತ್ರಿ ಇಬ್ಬರು ಹಿಡಿದು ಗಾಡಿಗೆ ಹತ್ತಿಸಬೇಕಾಯಿತು.

ಈ ಏಜೆಂಟರು ಕಣಿವೆದಾರಿಗಳ ಎತ್ತರವನ್ನು ಮಾತ್ರ ದಪ್ಪಕ್ಷರದಲ್ಲಿ ಅಚ್ಚು ಹಾಕಿಸುತ್ತಾರೆ. ಅದರಲ್ಲೂ ಉತ್ಪ್ರೇಕ್ಷೆ: ಲೇಹ್‌ನಿಂದ ನುಬ್ರಾಕ್ಕೆ ಹೋಗುವಾಗ ದಾಟುವ ಖರ್ದುಂಗ್ ಲಾ 18,380 ಅಡಿ ಎಂದು ಅಲ್ಲಿನ ಫಲಕವೇ ವರ್ಷಗಟ್ಟಲೆ ಸಾರುತ್ತಿತ್ತು, ಸರಿಯಾಗಿ ಅಳೆದರೆ ಸಿಗುವುದು 17,582 ಅಡಿ, ಅಂದರೆ 5,359 ಮೀಟರ್. ಇರಲಿ, ಅಲ್ಲಿ ಫೋಟೊ ತೆಗೆಸಿಕೊಂಡು ಹದಿನೈದು ನಿಮಿಷದಲ್ಲಿ ಇಳಿದುಬಿಡುತ್ತೇವೆ. ಅಲ್ಲಿನ ತೆಳು ಗಾಳಿಗೆ ದೇಹ ಹೊಂದಿಕೊಳ್ಳುವುದು ಹೆಚ್ಚಾಗಿ ರಾತ್ರಿ ಯಾವ ಎತ್ತರದಲ್ಲಿ ಮಲಗುತ್ತೇವೆ ಎಂಬುದರ ಮೇಲೆ ನಿಂತಿದೆ, ಆ ಅಂಕಿ ಮಾತ್ರ ಪಟ್ಟಿಯಲ್ಲಿ ಇರುವುದಿಲ್ಲ. ಲೇಹ್ ಪಟ್ಟಣ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ನುಬ್ರಾದ ಹುಂಡರ್ ಅದಕ್ಕಿಂತ ತಗ್ಗು, 3,150ರ ಆಸುಪಾಸು. ಪ್ಯಾಂಗಾಂಗ್ ದಡ 4,250. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ಒಂದು ರಾತ್ರಿಗೆ ಐನೂರು ಮೀಟರ್‌ಗಿಂತ ಹೆಚ್ಚು ಏರಿಸಬಾರದು ಎಂಬುದು ಪರ್ವತ ವೈದ್ಯರ ಸಾಮಾನ್ಯ ಸೂತ್ರ. ನಮ್ಮ ಪ್ಯಾಕೇಜ್‌ನಲ್ಲಿ ಒಂದೇ ರಾತ್ರಿಗೆ ಸಾವಿರದ ನೂರು ಮೀಟರ್ ಜಿಗಿತವಿತ್ತು. ವಿಮಾನದಲ್ಲಿ ಬಂದವರು ಕನಿಷ್ಠ 48 ಗಂಟೆ ಲೇಹ್‌ನಲ್ಲೇ ವಿಶ್ರಾಂತಿ ಪಡೆಯಬೇಕೆಂದು ಅಲ್ಲಿನ ಆಡಳಿತವೇ ಹೇಳುತ್ತದೆ. ಆ ವಿಶ್ರಾಂತಿಯನ್ನು ಕತ್ತರಿಸಿದರೆ ಪ್ಯಾಕೇಜ್ ಚಿಕ್ಕದಾಗುತ್ತದೆ, ಚಿಕ್ಕದಾದರೆ ಅಗ್ಗವಾಗುತ್ತದೆ, ಅಗ್ಗವಾದರೆ ಮಾರಾಟವಾಗುತ್ತದೆ.

ನನ್ನ ಗಂಡನಿಗೆ ನುಬ್ರಾದಲ್ಲೇ ತಲೆನೋವು ಹತ್ತಿತ್ತಂತೆ. ಬಾಯಿ ಬಿಡಲಿಲ್ಲ. ಜೋಡಿಯಾಗಿ ಹೋದವರಿಗೆ ಇದೊಂದು ಬೇರೆಯದೇ ಅಪಾಯ. ಸ್ನೇಹಿತರ ಗುಂಪಿನಲ್ಲಾದರೆ ಒಬ್ಬ ಗೊಣಗುತ್ತಾನೆ, ಇನ್ನೊಬ್ಬ ಬೈಯುತ್ತಾನೆ, ಹೇಗೋ ವಿಷಯ ಹೊರಬೀಳುತ್ತದೆ. ಗಂಡ ಹೆಂಡತಿ ಮಾತ್ರ ಎದುರಿನವರ ಸಂತೋಷ ಕೆಡದಿರಲೆಂದು ನಗುತ್ತಾ ಮುಚ್ಚಿಡುತ್ತಾರೆ. ಪ್ಯಾಂಗಾಂಗ್ ತಲುಪಿದ ಸಂಜೆ ಅವರು ಊಟ ಬೇಡವೆಂದರು. ಪ್ರಯಾಣದ ಆಯಾಸ ಎಂದರು. ರಾತ್ರಿ ಎಚ್ಚರವಾದಾಗ ಮಂಚದ ಅಂಚಿನಲ್ಲಿ ಕುಳಿತು ಬಲಗಾಲಿನ ಶೂಗೆ ಎಡಗಾಲು ತುರುಕುತ್ತಿದ್ದರು. “ರೀ, ಅದು ಬಲಗಾಲಿಂದು” ಎಂದೆ. “ಗೊತ್ತು” ಎಂದವರು ಮತ್ತೆ ಅದಕ್ಕೇ ಎಡಗಾಲು ತುರುಕಿದರು.

ಓಡಿಹೋಗಿ ಚಾಲಕನನ್ನು ಎಬ್ಬಿಸಿದೆ. ಲಡಾಖಿ ಹುಡುಗ, ಹೆಚ್ಚು ಮಾತಿಲ್ಲ. ಟಾರ್ಚ್ ಹಿಡಿದು, ಮರಳಿನಲ್ಲಿ ಮೂಡಿದ್ದ ಟೈರಿನ ಗುರುತಿನ ಮೇಲೆ ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತಾ ನಡೆಯಲು ಇವರಿಗೆ ಹೇಳಿದ. ಮೂರನೆಯ ಹೆಜ್ಜೆಗೇ ಪಕ್ಕಕ್ಕೆ ವಾಲಿದರು. “ಮೇಡಂ, ಬ್ಯಾಗು ಆಮೇಲೆ. ಮೊದಲು ಗಾಡಿ ಹತ್ತಿ” ಎಂದ. ಹೀಗೆ ನಡಿಗೆ ತಪ್ಪುವುದು, ಮಂಕಾಗುವುದು ಮಿದುಳಿಗೆ ನೀರು ತುಂಬುತ್ತಿರುವುದರ ಲಕ್ಷಣ ಎಂದು ಆಮೇಲೆ ವೈದ್ಯರು ವಿವರಿಸಿದರು. ಸುಮ್ಮನೆ ಕುಳಿತಿದ್ದರೂ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ಅದೇ ಕಥೆ. ಎರಡಕ್ಕೂ ತಕ್ಷಣ ಕೆಳಗಿಳಿಯುವುದೇ ಮುಖ್ಯ ಚಿಕಿತ್ಸೆ, ಬೆಳಗಿನವರೆಗೆ ನೋಡೋಣ ಎನ್ನುವಂತಿಲ್ಲ.

ಪ್ಯಾಕೇಜ್‌ನಲ್ಲಿ ‘ವಾಹನದಲ್ಲಿ ಆಮ್ಲಜನಕ ವ್ಯವಸ್ಥೆ’ ಎಂದು ಬರೆದಿತ್ತು. ತೆಗೆದು ನೋಡಿದರೆ ಸೊಳ್ಳೆ ಔಷಧಿಯ ಡಬ್ಬಿಯಷ್ಟು ಗಾತ್ರದ ಕ್ಯಾನ್. ಒತ್ತಿದಷ್ಟು ಹೊತ್ತು ಬರುತ್ತದೆ, ಕೆಲವೇ ನಿಮಿಷಕ್ಕೆ ಖಾಲಿ. ದಾರಿಯ ತಾಂಗ್ತ್ಸೆ ಹಳ್ಳಿಯ ಆರೋಗ್ಯ ಕೇಂದ್ರ ಸಿಗುವ ಮೊದಲೇ ಅದು ಮುಗಿದಿತ್ತು. ಅಲ್ಲಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿದಾಗ ಶೇಕಡಾ 61 ತೋರಿಸಿತು. ನಿಜವಾದ ಸಿಲಿಂಡರ್, ಚುಚ್ಚುಮದ್ದು, ಬೈಯದ ನರ್ಸ್, ಎಲ್ಲವೂ ಆ ಪುಟ್ಟ ಕೇಂದ್ರದಲ್ಲೇ ಸಿಕ್ಕಿದವು.

ನಕಾಶೆಯಲ್ಲಿ ಕಾಣದ ತೊಡಕು ಇನ್ನೊಂದಿದೆ. ತಾಂಗ್ತ್ಸೆ ಪ್ಯಾಂಗಾಂಗ್‌ಗಿಂತ ಕೆಲವು ನೂರು ಮೀಟರ್ ಮಾತ್ರ ತಗ್ಗು. ದೊಡ್ಡ ಆಸ್ಪತ್ರೆ ಇರುವ ಲೇಹ್‌ಗೆ ಇಳಿಯಬೇಕಾದರೆ ಮೊದಲು 5,300 ಮೀಟರ್ ದಾಟಿದ ಚಾಂಗ್ ಲಾ ಕಣಿವೆದಾರಿ ಹತ್ತಬೇಕು, ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಶ್ಯೋಕ್ ನದಿಯ ದಾರಿಯಲ್ಲಿ ನುಬ್ರಾಕ್ಕೆ ಹೋದರೆ ತಗ್ಗು ಸಿಗುತ್ತದೆ, ಆದರೆ ಅಲ್ಲಿಂದ ಲೇಹ್‌ಗೆ ಮತ್ತೆ ಖರ್ದುಂಗ್ ಲಾ. ಬೆಳಗ್ಗೆ ಸ್ವಲ್ಪ ಚೇತರಿಸಿಕೊಂಡ ಮೇಲೆ ಮುಖಕ್ಕೆ ಮಾಸ್ಕ್ ಹಾಕಿಸಿಯೇ ಇವರನ್ನು ಚಾಂಗ್ ಲಾ ದಾಟಿಸಿದರು. ಎಲ್ಲರೂ ಹಲ್ಲು ಕಿರಿದು ಫೋಟೊ ತೆಗೆಸಿಕೊಳ್ಳುವ ಆ ಫಲಕದ ಮುಂದೆ ನಮ್ಮ ಗಾಡಿ ನಿಲ್ಲಲೇ ಇಲ್ಲ.

ರಾತ್ರಿಯಿಡೀ ಏಜೆಂಟನಿಗೆ ಕರೆ ಹೋಗಲಿಲ್ಲ. ಹೊರಗಿನ ಪ್ರಿಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡೇ ಬೇಕು ಎಂಬ ಮಾತನ್ನೂ ಹಣ ಕಟ್ಟಿಸಿಕೊಂಡವರು ಹೇಳಿರಲಿಲ್ಲ. ಲೇಹ್‌ನಿಂದ ಚಾಲಕನ ಫೋನಿನಲ್ಲಿ ಮಾತಾಡಿದಾಗ “ಬೆಟ್ಟದಲ್ಲಿ ಇದೆಲ್ಲ ಮಾಮೂಲು, ಬೆಳ್ಳುಳ್ಳಿ ಸೂಪ್ ಕುಡಿಸಿ” ಎಂಬ ಉತ್ತರ. ಉಳಿದ ದಿನಗಳ ಹಣ ಕೇಳಿದರೆ, ಪ್ರವಾಸವನ್ನು ‘ಸ್ವಇಚ್ಛೆಯಿಂದ ಮೊಟಕುಗೊಳಿಸಿದವರಿಗೆ’ ಮರುಪಾವತಿ ಇಲ್ಲವಂತೆ.

ಹೋಗುವವರು ಪ್ರತಿ ರಾತ್ರಿ ಮಲಗುವ ಊರಿನ ಎತ್ತರವನ್ನು ಮೀಟರ್‌ನಲ್ಲಿ ಬರೆದು ಕಳಿಸಿ ಎಂದು ಏಜೆಂಟರನ್ನು ಕೇಳಿ. ತಡವರಿಸಿದರೆ ಅಲ್ಲಿಗೇ ಬಿಡಿ. ಲೇಹ್‌ನಲ್ಲಿ ಮೊದಲ ಎರಡು ರಾತ್ರಿ ಕಡ್ಡಾಯ, ಮೂರಾದರೆ ಇನ್ನೂ ಒಳ್ಳೆಯದು. ಪ್ಯಾಂಗಾಂಗನ್ನು ಕೊನೆಗೆ ಇಟ್ಟುಕೊಳ್ಳಿ, ರಜೆ ಕಡಿಮೆಯಿದ್ದರೆ ಕೈಬಿಡಿ, ಸಿಂಧೂ ಕಣಿವೆಯ ಕಡೆಗೇ ಆಲ್ಚಿ, ಲಾಮಾಯುರು ಬೌದ್ಧ ಮಠಗಳೆಂದು ನೋಡಲು ಬೇಕಾದಷ್ಟಿದೆ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸಿಟಜೋಲಮೈಡ್ ಮಾತ್ರೆಯ ಬಗ್ಗೆ ಹೊರಡುವ ಮುನ್ನವೇ ವೈದ್ಯರನ್ನು ಕೇಳಿ, ಸಲ್ಫಾ ಅಲರ್ಜಿ ಇದ್ದರೆ ತಪ್ಪದೆ ತಿಳಿಸಿ. ಮಾತ್ರೆ ನುಂಗಿದ್ದೇವೆಂದು ವಿಶ್ರಾಂತಿ ಬಿಡುವಂತಿಲ್ಲ. ಆಕ್ಸಿಮೀಟರ್ ಒಂದನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ. ದಿನಕ್ಕೆರಡು ಬಾರಿ “ತಲೆ ನೋಯುತ್ತಿದೆಯೇ” ಎಂದು ಒಬ್ಬರನ್ನೊಬ್ಬರು ಕೇಳಿ, “ಇಲ್ಲ” ಎಂದ ತಕ್ಷಣ ನಂಬಬೇಡಿ.

ಇವರು ಈಗ ಚೆನ್ನಾಗಿದ್ದಾರೆ. ಅದೇ ಪ್ಯಾಕೇಜ್ ಈ ಬೇಸಿಗೆಗೂ ಮಾರಾಟಕ್ಕಿದೆ. ಬೆಲೆ ಸ್ವಲ್ಪ ಇಳಿದಿದೆ, ಲೇಹ್‌ನಲ್ಲಿ ಇನ್ನೊಂದು ರಾತ್ರಿ ಮಾತ್ರ ಇನ್ನೂ ಸೇರಿಲ್ಲ.