ನಿಕೋಟಿನ್ ಗಮ್: ಚೀಟಿ ಓದದ ಪಿಎಚ್‌ಡಿ

ಹತ್ತೊಂಬತ್ತು ವರ್ಷ ಸಿಗರೇಟು ಸೇದಿದ್ದೇನೆ. ಅದರಲ್ಲಿ ಐದು ವರ್ಷ ಪಿಎಚ್‌ಡಿ ಮಾಡುತ್ತಾ. ಸಿಗರೇಟು ಏನು ಮಾಡುತ್ತದೆ ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನನ್ನ ತಲೆ ಓಡುತ್ತಿದ್ದದ್ದೆಲ್ಲ ನೆಪ ಹುಡುಕುವ ಕಡೆಗೆ. ಈ ಅಧ್ಯಾಯ ಮುಗಿಯಲಿ, ವೈವಾ ಮುಗಿಯಲಿ, ಕೆಲಸ ಕಾಯಂ ಆಗಲಿ.

ಕೊನೆಗೆ ಸಿಗರೇಟು ಬಿಡಲೆಂದು ನಿಕೋಟಿನ್ ಗಮ್ ತಂದೆ, ಸಿಗರೇಟಿನಲ್ಲಿ ಚಟ ಹಿಡಿಸುವ ನಿಕೋಟಿನ್ನನ್ನೇ ಹೊಗೆಯಿಲ್ಲದೆ ಕೊಡುವ ಗಮ್. 2 ಮಿಲಿಗ್ರಾಂನದ್ದು. ನಾನೇನು ಅಷ್ಟು ದೊಡ್ಡ ಚಟದವನಲ್ಲ, ಅಲ್ವಾ? ಒಳಗಿದ್ದ ಚೀಟಿ ಬಿಡಿಸಿಯೂ ನೋಡಲಿಲ್ಲ. ಮಾಮೂಲಿ ಚೂಯಿಂಗ್ ಗಮ್ ತರಹ ಕಚಕಚ ಅಗಿದೆ. ಹತ್ತು ನಿಮಿಷಕ್ಕೆ ಬಿಕ್ಕಳಿಕೆ, ಎದೆಯುರಿ, ಹೊಟ್ಟೆ ತೊಳಸಿದ ಹಾಗೆ. ಸಂಜೆಗೆ ಮತ್ತೆ ಸಿಗರೇಟು. ಇದು ಕೆಲಸ ಮಾಡಲ್ಲ ಅಂತ ತೀರ್ಪು ಕೊಟ್ಟು ಪೆಟ್ಟಿಗೆಯನ್ನು ಡ್ರಾಯರಿಗೆ ಎಸೆದೆ.

ಎರಡು ತಿಂಗಳಾದ ಮೇಲೆ ಆ ಚೀಟಿ ಓದಿದ್ದು ನಮ್ಮ ಲ್ಯಾಬ್ ಸಹಾಯಕರು. ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿದವರು, ಇದೇ ಗಮ್ ಹಿಡಿದು ಸಿಗರೇಟು ಬಿಟ್ಟವರು. "ಸರ್, ಇದನ್ನ ಅಗಿಯೋದು ಕಮ್ಮಿ, ಇಟ್ಕೊಳ್ಳೋದು ಜಾಸ್ತಿ" ಎಂದರು. ನಿಧಾನಕ್ಕೆ ಅಗಿಯಬೇಕು. ಬಾಯಿ ಚುರುಗುಟ್ಟಿದ ಕೂಡಲೇ ಕೆನ್ನೆಗೂ ವಸಡಿಗೂ ನಡುವೆ ಇಟ್ಟು ಸುಮ್ನೆ ಇರಬೇಕು. ಚುರುಚುರು ಇಳಿದ ಮೇಲೆ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ. ನಿಕೋಟಿನ್ ರಕ್ತಕ್ಕೆ ಸೇರುವುದು ಬಾಯಿಯ ಒಳಚರ್ಮದಿಂದ. ಜೊಲ್ಲಿನ ಜೊತೆ ನುಂಗಿದರೆ ಬಿಕ್ಕಳಿಕೆಯೊಂದೇ ಲಾಭ. ಗಮ್ ಹಾಕುವ 15 ನಿಮಿಷ ಮೊದಲು ಕಾಫಿಯಾಗಲಿ ಹಣ್ಣಿನ ರಸವಾಗಲಿ ಬೇಡ, ಬಾಯಿ ಹುಳಿಯಾಗಿದ್ದರೆ ಅದು ಸರಿಯಾಗಿ ಒಳಗಿಳಿಯುವುದಿಲ್ಲ. ಎದ್ದ 30 ನಿಮಿಷದೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 4 ಮಿಲಿಗ್ರಾಂನದ್ದೇ ಬೇಕು. ನಾನು ಹಲ್ಲುಜ್ಜುವ ಮೊದಲೇ ಹಚ್ಚುತ್ತಿದ್ದವನು!

ಮಾನ ಉಳಿಸಿಕೊಳ್ಳಲು ಅವರಿಗೆ ಸ್ಕಾಟ್ಲೆಂಡಿನ ಕಥೆ ಹೇಳಿದೆ. 1932ರಲ್ಲಿ ಅಲ್ಲಿ 11 ವರ್ಷದ ಮಕ್ಕಳಿಗೆ ಬುದ್ಧಿ ಪರೀಕ್ಷೆ ಮಾಡಿದ್ದರು. ಅವರಲ್ಲಿ ಕೆಲವರ ವಿವರವನ್ನು ದೊಡ್ಡವರಾದ ಮೇಲೆ ತಾಳೆ ಹಾಕಿ ನೋಡಿದಾಗ, ಸೇದಲು ಶುರು ಮಾಡುವುದಕ್ಕೂ ಅಂಕಕ್ಕೂ ನಂಟು ಕಾಣಲಿಲ್ಲ. ಆದರೆ ಜಾಸ್ತಿ ಅಂಕ ಬಂದವರು ಮುಂದೆ ಬಿಟ್ಟಿರುವ ಸಾಧ್ಯತೆ ಹೆಚ್ಚಿತ್ತು. ಅವರು ನಕ್ಕು, "ನಿಮ್ಮನ್ನ ಕೇಳಿರ್ಲಿಲ್ಲ ಅನ್ಸುತ್ತೆ" ಎಂದರು.

ಗಮ್‌ನಲ್ಲಿ ಕೊರತೆಯೂ ಇದೆ. ಸಿಗರೇಟಿನ ನಿಕೋಟಿನ್ ಮಿದುಳಿಗೆ ಸೆಕೆಂಡುಗಳಲ್ಲಿ ಮುಟ್ಟುತ್ತದೆ, ಗಮ್‌ನದ್ದು ಎಳೆದೂ ಎಳೆದೂ ಬರುತ್ತದೆ. ಮೊದಲ ಆರು ವಾರ ಒಂದೆರಡು ಗಂಟೆಗೊಂದು ಹಾಕಿ ದವಡೆ ನೋವು ಬಂತು. ರುಚಿಯೋ, ಮೆಣಸು ಹಾಕಿದ ರಬ್ಬರ್. ಚೀಟಿಯ ಪ್ರಕಾರ 12 ವಾರಕ್ಕೆ ಗಮ್ ಕೂಡ ನಿಲ್ಲಬೇಕಿತ್ತು. ನನಗೀಗ ಹದಿನಾಲ್ಕನೇ ವಾರ. ಸಿಗರೇಟು ಇಲ್ಲ, ರಾತ್ರಿ ಒಂದು ಗಮ್ ಮಾತ್ರ ಇನ್ನೂ ಬಿಟ್ಟಿಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಕಳೆದ ಒಂದು, ರುಚಿಗೆ.