ಹಾಸನದ ಬಸ್ಸಿಳಿದು ಹಸಿರು ಮೆಟ್ರೊ ಹತ್ತುವವರಿಗೆ: ನಿಲ್ದಾಣದಿಂದ ನಿಲ್ದಾಣಕ್ಕೆ ಲೆಕ್ಕ

ಹಾಸನ, ಚನ್ನರಾಯಪಟ್ಟಣ, ಬೇಲೂರು, ಚಿಕ್ಕಮಗಳೂರು ಕಡೆಯ ಬಸ್ಸು ನೆಲಮಂಗಲ ದಾಟಿ ತುಮಕೂರು ರಸ್ತೆಗೆ ಬಿದ್ದರೆ ಸ್ವಲ್ಪ ಹೊತ್ತಿಗೆ ಬೆಂಗಳೂರು ಮೆಟ್ರೊದ ಹಸಿರು ಮಾರ್ಗದ ಕಂಬಗಳ ಸಾಲು ಕಾಣುತ್ತದೆ. ಮೊದಲು ಸಿಗುವುದು ಮಾದಾವರ. 2024ರ ನವೆಂಬರ್ 7ರಂದು ನಾಗಸಂದ್ರದಿಂದ ಇಲ್ಲಿಯವರೆಗಿನ 3.14 ಕಿ.ಮೀ. ತೆರೆದ ಮೇಲೆ ನಮ್ಮ ಕಡೆಯವರಲ್ಲಿ ಬಹಳ ಜನ ಕೇಳುವ ಪ್ರಶ್ನೆ ಒಂದೇ: ಇಲ್ಲೇ ಇಳಿದುಬಿಡುವುದೋ, ಮೆಜೆಸ್ಟಿಕ್‌ವರೆಗೆ ಕೂತೇ ಹೋಗುವುದೋ? ಹಸಿರು ಮಾರ್ಗದ ಸೇವೆ ಹೊತ್ತಿಗೆ ಸರಿಯಾಗಿ ನಡೆಯುತ್ತದೆ, ಸ್ವಚ್ಛವಾಗಿದೆ, ಹಣಕ್ಕೆ ಮೋಸವಿಲ್ಲ. ಆದರೆ ಮೊದಲ ನಿಲ್ದಾಣ ಕಂಡ ಕೂಡಲೇ ಇಳಿಯುವವರಿಗೆಲ್ಲ ಅದರಿಂದ ಹೊತ್ತು ಉಳಿಯುವುದಿಲ್ಲ. ಎಷ್ಟು ಉಳಿಯುತ್ತದೆ ಎಂಬುದು ನಿಲ್ದಾಣಗಳ ನಡುವಿನ ಅಂತರದಲ್ಲಿದೆ.

ಮಾದಾವರದಿಂದ ರೇಷ್ಮೆ ಸಂಸ್ಥೆಯವರೆಗೆ ಹಸಿರು ಮಾರ್ಗ 33.46 ಕಿ.ಮೀ., 32 ನಿಲ್ದಾಣ. ಹಾಸನದಿಂದ ಬೇಲೂರಿಗೆ ಹೋಗುವುದಕ್ಕಿಂತ ಸ್ವಲ್ಪ ಕಡಿಮೆ ದೂರ. ಆದರೆ ನಡುವೆ 30 ಕಡೆ ನಿಲ್ಲಬೇಕು. 32 ನಿಲ್ದಾಣಕ್ಕೆ 31 ಅಂತರ, ಸರಾಸರಿ 1.08 ಕಿ.ಮೀ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ಗೆ ನೇರಳೆ ಮಾರ್ಗ 43.49 ಕಿ.ಮೀ., 37 ನಿಲ್ದಾಣ, ಸರಾಸರಿ 1.21. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ 19.15 ಕಿ.ಮೀ., 16 ನಿಲ್ದಾಣ, ಸರಾಸರಿ 1.28. ಮೂರರಲ್ಲಿ ಹಸಿರಿನಲ್ಲೇ ನಿಲ್ದಾಣಗಳು ಹೆಚ್ಚು ಒತ್ತಾಗಿವೆ. ಪ್ರಕಟಿಸುವ ಮಾರ್ಗದ ಉದ್ದದಲ್ಲಿ ಕೊನೆಯ ನಿಲ್ದಾಣದ ಆಚೆ ರೈಲು ತಿರುಗಿಸಲು ಬಿಟ್ಟ ಹಳಿಯೂ ಸೇರಿರುವುದುಂಟು. ಹಾಗಾಗಿ ಪ್ಲಾಟ್‌ಫಾರಂನಿಂದ ಪ್ಲಾಟ್‌ಫಾರಂಗೆ ಅಳೆದರೆ ಈ ಸರಾಸರಿ ಒಂದು ಚೂರು ಇಳಿಯುತ್ತದೆ.

ಒಂದೇ ಮಾರ್ಗದೊಳಗೂ ಅಂತರ ಸಮನಾಗಿಲ್ಲ. ಪೀಣ್ಯ ಇಂಡಸ್ಟ್ರಿಯಿಂದ ನಾಗಸಂದ್ರಕ್ಕೆ 2.5 ಕಿ.ಮೀ.ಯಲ್ಲಿ ಮೂರು ಅಂತರ, ಅಂದರೆ ತಲಾ 830 ಮೀಟರ್ ಆಸುಪಾಸು. ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿಗೆ 9.9 ಕಿ.ಮೀ.ಯಲ್ಲಿ ಒಂಬತ್ತು ಅಂತರ, ತಲಾ 1.1 ಕಿ.ಮೀ. ಬೋಗಿಯೊಳಗಿನ ಪಟ್ಟಿಯಲ್ಲಿ ಮಾತ್ರ ಎಲ್ಲ ಚುಕ್ಕೆಗಳೂ ಒಂದೇ ದೂರದಲ್ಲಿ ಕೂತಿರುತ್ತವೆ. ಊರು ಗೊತ್ತಿಲ್ಲದವರಿಗೆ ಇದು ದೊಡ್ಡ ಕೊರತೆ. ಚುಕ್ಕೆಯ ಪಕ್ಕ ಕಿ.ಮೀ. ಬರೆದಿದ್ದರೆ, ಒಂದು ನಿಲ್ದಾಣ ಮುಂದೆ ಇಳಿದವರು ಹಿಂದಕ್ಕೆ ನಡೆಯಬೇಕೋ ರೈಲು ಹತ್ತಬೇಕೋ ಎಂದು ತಾವೇ ತೀರ್ಮಾನಿಸಬಹುದಿತ್ತು.

ಈಗ ಹೊತ್ತಿನ ಲೆಕ್ಕ. ರೈಲಿನ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ., ಅಂದರೆ ಸೆಕೆಂಡಿಗೆ 22 ಮೀಟರ್. ವೇಗ ಪ್ರತಿ ಸೆಕೆಂಡಿಗೆ 1 ಮೀಟರ್‌ನಂತೆ ಏರುತ್ತದೆ, ಹಾಗೇ ಇಳಿಯುತ್ತದೆ ಎಂದುಕೊಂಡರೆ, ಪೂರ್ತಿ ವೇಗ ಮುಟ್ಟುವುದಕ್ಕೆ 22 ಸೆಕೆಂಡ್ ಮತ್ತು ಸುಮಾರು 250 ಮೀಟರ್ ಬೇಕು. ನಿಲ್ಲುವುದಕ್ಕೂ ಅಷ್ಟೇ. ಒಂದು ಕಿ.ಮೀ. ಅಂತರದಲ್ಲಿ ಅರ್ಧ ದಾರಿ ಹೀಗೆ ಏರುವುದರಲ್ಲಿ, ಇಳಿಯುವುದರಲ್ಲೇ ಮುಗಿಯುತ್ತದೆ. ಓಡಲು 67 ಸೆಕೆಂಡ್, ಬಾಗಿಲು ತೆರೆದು ಮುಚ್ಚಲು 30, ಒಟ್ಟು 97. ಅದೇ ಎರಡು ಕಿ.ಮೀ.ಯನ್ನು ನಡುವೆ ನಿಲ್ಲದೆ ಓಡಿದರೆ ಬಾಗಿಲಿನ 30 ಸೇರಿ 142 ಸೆಕೆಂಡ್ ಸಾಕು. ನಡುವೆ ಒಂದು ಕಡೆ ನಿಂತರೆ 194. ಹಾಗಾಗಿ ಒಂದೊಂದು ನಿಲ್ದಾಣಕ್ಕೂ 52 ಸೆಕೆಂಡ್ ತೆರಬೇಕು. 80ರ ವೇಗದ ರೈಲು ಸರಾಸರಿಯಲ್ಲಿ 35ರ ಆಸುಪಾಸಿಗೆ ಬಂದು ನಿಲ್ಲುವುದು ಈ ಕಾರಣಕ್ಕೆ. ದೆಹಲಿಯ ವಿಮಾನ ನಿಲ್ದಾಣದ ಮಾರ್ಗ ಕಟ್ಟಿದಾಗ 22.7 ಕಿ.ಮೀ.ಗೆ ಆರೇ ನಿಲ್ದಾಣವಿತ್ತು, ನಾಲ್ಕೂವರೆ ಕಿ.ಮೀ.ಗೆ ಒಂದು, ಅಲ್ಲಿನ ವೇಗಕ್ಕೂ ನಮ್ಮದಕ್ಕೂ ಹೋಲಿಕೆ ಮಾಡುವುದು ನ್ಯಾಯವಲ್ಲ. ಮನೆ ಬಾಗಿಲಿಗೆ ಹತ್ತಿರ ನಿಲ್ದಾಣ ಬೇಕು ಅಂದರೆ ವೇಗ ಬಿಟ್ಟುಕೊಡಲೇಬೇಕು.

ಮಾದಾವರದಿಂದ ಮೆಜೆಸ್ಟಿಕ್‌ಗೆ 16 ಅಂತರ, ಲೆಕ್ಕದ ಪ್ರಕಾರ 27 ನಿಮಿಷ. ತಿರುವುಗಳಲ್ಲಿ ವೇಗ ತಗ್ಗುವುದರಿಂದ 30ರ ಮೇಲೆ ಇಟ್ಟುಕೊಳ್ಳಿ. ಮೆಟ್ಟಿಲು, ತಪಾಸಣೆ, ರೈಲಿಗೆ ಕಾಯುವುದು ಸೇರಿಸಿ 40 ನಿಮಿಷ. ಬಸ್ಸು ಅಲ್ಲಿಂದ ಮೆಜೆಸ್ಟಿಕ್‌ಗೆ 40 ನಿಮಿಷದೊಳಗೆ ಹೋಗುವ ಹೊತ್ತಾದರೆ ಸೀಟು ಬಿಟ್ಟು ಏಳಬೇಡಿ. ನಸುಕಿನಲ್ಲಿ ರಸ್ತೆ ಖಾಲಿ ಇರುತ್ತದೆ, ಬಸ್ಸೇ ವಾಸಿ. ಬೆಳಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರ ಮೇಲೆ ಮಾದಾವರವೇ ಸರಿ. ಆದರೆ ಇಳಿಯುವುದನ್ನು ನೆಲಮಂಗಲದಲ್ಲೇ ಕಂಡಕ್ಟರ್‌ಗೆ ಹೇಳಿಡಿ. ಬಸ್ಸು ಹೆದ್ದಾರಿಯ ನಡು ದಾರಿಯಲ್ಲಿದ್ದರೆ ಸರ್ವಿಸ್ ರಸ್ತೆಗೆ ಇಳಿಯದ ಹೊರತು ನಿಲ್ಲಿಸಲು ಆಗುವುದಿಲ್ಲ. ಕಂಬ ಕಂಡ ಮೇಲೆ ಕೂಗಿದರೆ ಹೊತ್ತು ಮೀರಿರುತ್ತದೆ.

ಅಲ್ಲಿ ತಪ್ಪಿದರೆ ಮುಂದಿನದು ಗೊರಗುಂಟೆಪಾಳ್ಯ. ಪೀಣ್ಯದ ಫ್ಲೈಓವರ್ ಹತ್ತಿದ ಬಸ್ಸಿಗೆ ಕೆಳಗಿನ ಜಾಲಹಳ್ಳಿ ಕ್ರಾಸ್ ಸಿಗುವುದಿಲ್ಲ. ಗೊರಗುಂಟೆಪಾಳ್ಯ ನಿಲ್ದಾಣಗಳ ಎಣಿಕೆಯಲ್ಲಿ ಮಾದಾವರಕ್ಕೂ ಮೆಜೆಸ್ಟಿಕ್‌ಗೂ ಸರಿಯಾಗಿ ನಡುವೆ ಇದೆ: ಆ ಕಡೆ ಎಂಟು ಅಂತರ, ಈ ಕಡೆ ಎಂಟು. ಫ್ಲೈಓವರ್ ಸಲೀಸಾಗಿದ್ದರೆ ಮೊದಲ ಎಂಟನ್ನು ಬಸ್ಸಿನಲ್ಲಿ, ಉಳಿದ ಎಂಟನ್ನು ರೈಲಿನಲ್ಲಿ ಮುಗಿಸುವುದೇ ಹೆಚ್ಚಿನ ದಿನ ಒಳ್ಳೆಯ ಹಂಚಿಕೆ.

ವಿಜಯನಗರ, ನಾಗರಭಾವಿ ಕಡೆ ಮನೆ ಇರುವವರು ನಮ್ಮ ಜಿಲ್ಲೆಯಲ್ಲಿ ಬಹಳ. ಅವರಿಗೆ ಮೆಟ್ರೊ ಬೇಡವೆಂದೇ ಹೇಳಬೇಕು. ಮಾದಾವರದಿಂದ ಮೆಜೆಸ್ಟಿಕ್‌ಗೆ 16, ಅಲ್ಲಿ ಮಾರ್ಗ ಬದಲಿಸಿ ವಿಜಯನಗರಕ್ಕೆ 4, ಒಟ್ಟು 20 ಅಂತರ. ಪೂರ್ವಕ್ಕೆ ಹೋಗಿ ಮತ್ತೆ ಪಶ್ಚಿಮಕ್ಕೆ ವಾಪಸ್ ಬಂದಂತೆ. ದರವೂ ಹಳಿಯ ದೂರದ ಮೇಲೆ ಬೀಳುತ್ತದೆ. ಗೊರಗುಂಟೆಪಾಳ್ಯದಲ್ಲಿ ರಿಂಗ್ ರಸ್ತೆಯ ಬಸ್ ಹಿಡಿಯಿರಿ.

ರೈಲಿನಲ್ಲಿ ಬರುವವರ ಕೆಲಸ ಸುಲಭ. ಶ್ರವಣಬೆಳಗೊಳ, ಕುಣಿಗಲ್ ಮೇಲಿನ ದಾರಿ 2017ರಲ್ಲಿ ತೆರೆದ ಮೇಲೆ ಹಾಸನದ ಇಂಟರ್‌ಸಿಟಿ ನೇರ ಯಶವಂತಪುರಕ್ಕೆ ಬರುತ್ತದೆ. ಅರಸೀಕೆರೆ ಮೇಲೆ ಬರುವ ಚಿಕ್ಕಮಗಳೂರಿನ ರೈಲಿಗೂ ಅದೇ ನಿಲ್ದಾಣ. ತುಮಕೂರು ರಸ್ತೆ ಬದಿಯ ದ್ವಾರದಿಂದ ಹೊರಬಂದರೆ ಮೆಟ್ರೊ ಎದುರಿಗೇ ಇದೆ. ಇನ್ನೊಂದು ಬದಿಗೆ ಇಳಿದರೆ ಹೊರೆ ಹೊತ್ತು ಸುತ್ತಬೇಕು. ಇಲ್ಲಿಂದ ಮೆಜೆಸ್ಟಿಕ್‌ಗೆ ಏಳೇ ಅಂತರ.

ಆಸ್ಪತ್ರೆಗೆಂದು ಹೋಗುವವರು ಇಷ್ಟು ಗುರುತಿಟ್ಟುಕೊಳ್ಳಿ. ವಿಕ್ಟೋರಿಯಾ, ವಾಣಿವಿಲಾಸಕ್ಕೆ ಮೆಜೆಸ್ಟಿಕ್ ದಾಟಿ ಎರಡನೆಯದು, ಕೆ.ಆರ್. ಮಾರುಕಟ್ಟೆ. ಜಯದೇವ ಹೃದ್ರೋಗ ಆಸ್ಪತ್ರೆಗೆ ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಿಸಿ. ರಾಗಿಗುಡ್ಡ ಆದ ಮೇಲೆ ಜಯದೇವ ಆಸ್ಪತ್ರೆ ಎಂಬ ಹೆಸರಿನ ನಿಲ್ದಾಣವೇ ಇದೆ. ಮಾದಾವರದಿಂದ ಒಟ್ಟು 25 ಅಂತರ, ಬದಲಾಯಿಸುವುದೂ ಸೇರಿ ಒಂದು ಗಂಟೆ ಕೈಯಲ್ಲಿಟ್ಟುಕೊಳ್ಳಿ. ಹಳದಿ ಮಾರ್ಗ ಶುರುವಾದಾಗ 25 ನಿಮಿಷಕ್ಕೊಂದು ರೈಲಿತ್ತು. ರೈಲುಗಳು ಸೇರುತ್ತಾ ಹೋದಂತೆ ಕಾಯುವುದು ಕಡಿಮೆಯಾಗಿದೆ. ವೈಟ್‌ಫೀಲ್ಡ್‌ನ ಸತ್ಯ ಸಾಯಿ ಆಸ್ಪತ್ರೆಗೂ ನೇರಳೆ ಮಾರ್ಗದಲ್ಲಿ ಅದೇ ಹೆಸರಿನ ನಿಲ್ದಾಣವಿದೆ, ಮೆಜೆಸ್ಟಿಕ್‌ನಲ್ಲಿ ಬದಲಿಸಬೇಕು.

ದರ 2025ರ ಫೆಬ್ರವರಿಯಲ್ಲಿ ಏರಿತು: ಕನಿಷ್ಠ 10 ರೂ., ಗರಿಷ್ಠ 90. ಮೊದಲ 10 ಕಿ.ಮೀ.ವರೆಗೆ ಪ್ರತಿ 2 ಕಿ.ಮೀ.ಗೆ ಒಂದು ಹಂತ, ಆಮೇಲೆ 5 ಕಿ.ಮೀ.ಗೆ ಒಂದು, ಹಂತ ದಾಟಿದರೆ 10 ರೂ. ಹೆಚ್ಚು. ಏರಿಕೆ ಜೋರಾಯಿತೆಂದು ಕೆಲವೇ ದಿನಗಳಲ್ಲಿ ಕೆಲವು ನಿಲ್ದಾಣಗಳ ನಡುವಿನ ದರ ಇಳಿಸಿದ್ದರಿಂದ ಈ ಲೆಕ್ಕ ಎಲ್ಲ ಕಡೆ ಕರಾರುವಾಕ್ಕಾಗಿ ಕೂರುವುದಿಲ್ಲ. ಹೊರಡುವ ಮುನ್ನ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಹಂತದ ಗಡಿಯಲ್ಲಿದ್ದರೆ ಒಂದು ನಿಲ್ದಾಣ ಮೊದಲೇ ಇಳಿದು ನಡೆದು 10 ರೂ. ಉಳಿಸಬಹುದು. ಪೀಣ್ಯದ ಕಡೆ ಅದು ಹತ್ತು ಹನ್ನೆರಡು ನಿಮಿಷದ ನಡಿಗೆ ಅಷ್ಟೇ.

ಊರಿಂದ ಅಕ್ಕಿ, ತೆಂಗಿನಕಾಯಿ, ಆಲೂಗಡ್ಡೆ ಮೂಟೆ ಕಟ್ಟಿಕೊಂಡು ಹೋಗುವವರು ಎಚ್ಚರ. ಉಚಿತವಾಗಿ ಬಿಡುವುದು 60×45×25 ಸೆಂ.ಮೀ.ಯ, 15 ಕಿಲೋ ಮೀರದ ಬ್ಯಾಗು. ಅದಕ್ಕಿಂತ ದೊಡ್ಡದಕ್ಕೆ 30 ರೂ. ಕೇಳುತ್ತಾರೆ. ಒಂದೇ ದೊಡ್ಡ ಚೀಲಕ್ಕಿಂತ ಎರಡು ಸಣ್ಣ ಬ್ಯಾಗಿಗೆ ಹಂಚುವುದು ಮೇಲು. ತಪಾಸಣೆಯ ಯಂತ್ರದಲ್ಲೂ ಸಿಕ್ಕಿಕೊಳ್ಳುವುದಿಲ್ಲ.

ನಮ್ಮ ಜನಕ್ಕೆ ಈ ಸೇವೆಯಲ್ಲಿ ಅತಿ ಉಪಯೋಗವಾದ ಬದಲಾವಣೆ ಸೋಮವಾರದ್ದು. ವಾರದ ದಿನ ಮೊದಲ ರೈಲು ಬೆಳಗ್ಗೆ 5ಕ್ಕೆ. 2025ರ ಜನವರಿ 13ರಿಂದ ಸೋಮವಾರ ಮಾತ್ರ 4.15ಕ್ಕೇ ಶುರು, ಭಾನುವಾರ ಊರಿಂದ ರಾತ್ರಿ ಬಸ್ ಹತ್ತಿದವರಿಗಾಗಿಯೇ ಮಾಡಿದ್ದು. ಮನಸಾರೆ ಮೆಚ್ಚಬೇಕಾದ ಕೆಲಸ. ಭಾನುವಾರ ಮಾತ್ರ 7ಕ್ಕೆ ಶುರು; ಶನಿವಾರ ರಾತ್ರಿಯ ಬಸ್ಸಿಗೆ ಬಂದವರು ಮಾದಾವರದಲ್ಲಿ ಇಳಿದರೆ ಕತ್ತಲಲ್ಲಿ ಕೂರಬೇಕಾಗುತ್ತದೆ, ಮೆಜೆಸ್ಟಿಕ್‌ಗೇ ಹೋಗಿ.

ವಾಪಸ್ ಬರುವಾಗ ಈ ಲೆಕ್ಕ ತಿರುಗುಮುರುಗು. ಶುಕ್ರವಾರ ಸಂಜೆ ಹಾಸನದ ಬಸ್ಸುಗಳು ಮೆಜೆಸ್ಟಿಕ್‌ನಲ್ಲೇ ತುಂಬಿಬಿಡುತ್ತವೆ. ಮಾದಾವರದ ತನಕ ಮೆಟ್ರೊದಲ್ಲಿ ಬಂದು ಕೈ ಅಡ್ಡ ಹಾಕಿದರೆ ನಾಲ್ಕು ಗಂಟೆ ನಿಂತು ಹೋಗುವ ಪಾಡು. ಸೀಟು ಕಾದಿರಿಸಿ, ಹತ್ತುವ ಜಾಗ ಗೊರಗುಂಟೆಪಾಳ್ಯ ಎಂದು ಆರಿಸಿ, ಮೆಟ್ರೊದಲ್ಲಿ ಅಲ್ಲಿಗೆ ಬಸ್ಸಿಗಿಂತ ಅರ್ಧ ಗಂಟೆ ಮೊದಲೇ ಬಂದಿರಿ. ರೈಲು ಆರು ಬೋಗಿ, ಸುಮಾರು 130 ಮೀಟರ್ ಉದ್ದ. ಯಾವ ತುದಿಯ ಮೆಟ್ಟಿಲು ಬಸ್ ನಿಲ್ಲುವ ಬದಿಗೆ ಇಳಿಯುತ್ತದೆ ಎಂದು ಒಮ್ಮೆ ನೋಡಿಟ್ಟುಕೊಂಡು ಆ ತುದಿಯ ಬೋಗಿಯಲ್ಲೇ ಹತ್ತಿ.