ಹಳೇ ಈಕೋನ ಕ್ಯಾಂಪರ್ ಮಾಡ್ಸಿದ್ದು: ಮರದ ಕೆಲಸಕ್ಕೆ ಐದಕ್ಕೆ ಐದು, ವೈರಿಂಗ್‌ಗೆ ಒಂದೂ ಕೊಡಲ್ಲ

ನಮ್ಮ ಮಾರುತಿ ಈಕೋ ವ್ಯಾನು ಕ್ಯಾಂಪರ್, ಅಂದ್ರೆ ಹಾಸಿಗೆ, ಅಡುಗೆ ಕಟ್ಟೆ ಎಲ್ಲ ಇರೋ ಪ್ರವಾಸದ ಗಾಡಿ ಆಗಿ ಏಳು ತಿಂಗಳಾಯ್ತು, ನಾನೂ ಅಮ್ಮನೂ ಅದ್ರಲ್ಲಿ ಮಲಗೆದ್ದಿರೋದು ಒಟ್ಟು ಇಪ್ಪತ್ತಾರು ರಾತ್ರಿ. ಗಾಡಿ ಮನೆಗೆ ಬಂದ ವಾರಕ್ಕೇ ಬರೆದಿದ್ರೆ ಬರೀ ಹೊಗಳಿಕೆನೇ ಇರ್ತಿತ್ತು, ಯಾಕಂದ್ರೆ ಕಣ್ಣಿಗೆ ಕಾಣೋದೆಲ್ಲ ಅಷ್ಟು ಚೆನ್ನಾಗಿತ್ತು. ಕಾಣದೇ ಇರೋದು ಹೆಂಗಿತ್ತು ಅಂತ ಗೊತ್ತಾಗಿದ್ದು ಆಮೇಲೆ. ಕೆಲಸ ಮಾಡ್ಸಿದ್ದು ಮಾಗಡಿ ರೋಡ್ ಕಡೆ ಒಂದು ಶೆಡ್ಡಲ್ಲಿ, ಹೆಸರು ಹಾಕ್ತಿಲ್ಲ, ದುಡ್ಡಿನ ವಿಷಯ ಅವರ ಹತ್ರ ಮಾತಾಡಿ ಮುಗಿಸ್ಕೊಂಡಿದ್ದೀನಿ. ಆದ್ರೆ ಇಂಥ ಕೆಲಸ ಮಾಡ್ಕೊಡೋ ಜಾಗಗಳು ಬೆಂಗಳೂರಲ್ಲಿ ಈಗ ಜಾಸ್ತಿ ಆಗ್ತಿವೆ, ನೀವು ಎಲ್ಲಿಗೇ ಹೋದ್ರೂ ಏನು ಕೇಳ್ಬೇಕು ಅನ್ನೋದು ನಿಮಗೆ ಗೊತ್ತಿರ್ಲಿ ಅಂತ ಇದನ್ನ ಬರೀತಿದ್ದೀನಿ.

ಮೊದಲು ಗಾಡಿ. 2017ರ ಪೆಟ್ರೋಲ್ ಈಕೋ, 5 ಸೀಟು, ಎಸಿ ಇದೆ, ಮೂರು ಲಕ್ಷದ ಹತ್ತು ಸಾವಿರಕ್ಕೆ ತಗೊಂಡೆ. ಟ್ರಾವೆಲರ್ ಆಗ್ಲಿ ವಿಂಗರ್ ಆಗ್ಲಿ ತಗೊಂಡಿದ್ರೆ ಜಾಗ ಜಾಸ್ತಿ ಸಿಗ್ತಿತ್ತು ನಿಜ, ಆದ್ರೆ ನಮ್ಮ ಜಾಲಹಳ್ಳಿ ಮನೆ ಮುಂದೆ ಅಷ್ಟುದ್ದದ ಗಾಡಿ ನಿಲ್ಸೋಕಾಗಲ್ಲ, ವಾರವಿಡೀ ಸೊಪ್ಪು ತರೋಕೂ ಆಸ್ಪತ್ರೆಗೂ ಓಡಾಡೋದು ಇದೇ ಗಾಡಿ. ಈಕೋಲಿ ಎರಡೂ ಕಡೆ ಸ್ಲೈಡಿಂಗ್ ಡೋರ್ ಇರೋದು ದೊಡ್ಡ ಅನುಕೂಲ. ಇಂಜಿನ್ ಮುಂದಿನ ಸೀಟಿನ ಕೆಳಗೇ ಇರೋದ್ರಿಂದ ಘಾಟಿ ಹತ್ತೋವಾಗ ಕೂತ ಜಾಗ ಬಿಸಿ ಆಗುತ್ತೆ, ಅದೊಂದು ಸಹಿಸ್ಕೋಬೇಕು. ಹಳೇ ಗಾಡಿ ನೋಡೋವಾಗ ನೆಲದ ಮ್ಯಾಟ್ ಎತ್ತಿ ತುಕ್ಕು ನೋಡಿ, ಸ್ಲೈಡಿಂಗ್ ಡೋರ್ ಹಳಿ ನೋಡಿ, ಸರ್ಕಾರದ ಪರಿವಾಹನ್ ವೆಬ್‌ಸೈಟಲ್ಲಿ ಲೋನ್ ತೀರಿದೆಯಾ, ದಂಡ ಬಾಕಿ ಇದೆಯಾ ನೋಡಿ. ಹಳದಿ ಬೋರ್ಡ್ ಗಾಡಿ ಅಗ್ಗಕ್ಕೆ ಸಿಗುತ್ತೆ ಅಂತ ಆಸೆ ಪಡ್ಬೇಡಿ, ಪರ್ಮಿಟ್ ಸರೆಂಡರ್ ಮಾಡಿ ಬಿಳಿ ಬೋರ್ಡ್‌ಗೆ ತರೋಷ್ಟರಲ್ಲಿ ಸಾಕಾಗಿ ಹೋಗುತ್ತೆ. ಸಿಎನ್‌ಜಿದು ಬೇಡವೇ ಬೇಡ, ಹಾಸಿಗೆ ಬರಬೇಕಾದ ಜಾಗದಲ್ಲಿ ಸಿಲಿಂಡರ್ ಕೂತಿರುತ್ತೆ, ಮೂರು ವರ್ಷಕ್ಕೊಂದು ಸಲ ಅದನ್ನ ಟೆಸ್ಟ್ ಬೇರೆ ಮಾಡಿಸ್ಬೇಕು.

ಈಗ ಶೆಡ್ ವಿಷಯ. ಮೊದಲ ದಿನ ಹೋದಾಗ ಅಲ್ಲಿನ ಬಡಗಿ ಮೇಸ್ತ್ರಿ ನನ್ನ ಕೇಳಿದ ಮೊದಲ ಪ್ರಶ್ನೆ ಮೈಕಾ ಬಣ್ಣ ಯಾವುದು ಅಂತಲ್ಲ, ಯಾರು ಮಲಗ್ತಾರೆ ಮೇಡಂ ಅಂತ. ಅಮ್ಮಂಗೆ ಮಂಡಿ ನೋವು, ಕೂತರೆ ಏಳೋದು ಕಷ್ಟ ಅಂದೆ. ನಾಳೆ ಅಮ್ಮನ್ನೇ ಕರ್ಕೊಂಡ್ ಬನ್ನಿ ಅಂದ್ರು. ಕರ್ಕೊಂಡ್ ಹೋದೆ. ಗಾಡಿ ಒಳಗೆ ಇಟ್ಟಿಗೆ ಜೋಡಿಸಿ ಮೇಲೊಂದು ಹಲಗೆ ಇಟ್ಟು, ಕೂತ್ಕೊಳ್ಳಿ ಅಮ್ಮ, ಈಗ ಏಳಿ, ಸರಿ ಇನ್ನೊಂದು ಇಟ್ಟಿಗೆ ಹಾಕ್ತೀನಿ ಈಗ ಕೂತ್ಕೊಳ್ಳಿ ಅಂತ ನಾಲ್ಕು ಸಲ ಕೂರಿಸಿ ಎಬ್ಬಿಸಿ, ಕಾಲು ನೆಲಕ್ಕೆ ಪೂರ್ತಿ ಊರುತ್ತಾ, ತಲೆ ಮೇಲೆ ತಾಗುತ್ತಾ ಅಂತ ಎರಡೂ ನೋಡಿ ಕೊನೆಗೆ 16 ಇಂಚು ಅಂತ ಪೆನ್ಸಿಲಲ್ಲಿ ಗಾಡಿ ಗೋಡೆ ಮೇಲೇ ಗೆರೆ ಎಳೆದ್ರು. ಅವತ್ತೇ ನಂಗೆ ಆ ಶೆಡ್ ಮೇಲೆ ನಂಬಿಕೆ ಬಂದ್ಬಿಡ್ತು. ಈಗಲೂ ಆ ಮೇಸ್ತ್ರಿ ಬಗ್ಗೆ ನಂದು ಒಂದೂ ದೂರಿಲ್ಲ. ಗಾಡಿ ಗೋಡೆ ನೆಟ್ಟಗಿರಲ್ಲ ಅಲ್ವಾ, ಅದರ ಬಾಗಿಗೆ ತಕ್ಕಂಗೆ ಮೊದಲು ರಟ್ಟು ಕತ್ತರಿಸಿ ಇಟ್ಟು ನೋಡಿ, ಆಮೇಲೆ ಪ್ಲೈವುಡ್ ಕತ್ತರಿಸಿದ್ರು, ಸಂದಿಯಲ್ಲಿ ಒಂದು ಪೋಸ್ಟ್ ಕಾರ್ಡ್ ತೂರಿಸೋಕೂ ಆಗಲ್ಲ. ಡ್ರಾಯರ್‌ಗೆಲ್ಲ ಒತ್ತಿ ಎಳೆಯೋ ಲಾಕು, ನಮ್ಮೂರ ಹಂಪ್‌ಗಳ ಮೇಲೆ ಹೋದ್ರೂ ಒಂದೇ ಒಂದು ಸಲ ತಾನಾಗೇ ತೆರೆದುಕೊಂಡಿಲ್ಲ. ಹಿಂದಿನ ಬಾಗಿಲು ಎತ್ತಿದ್ರೆ ಹೊರಗೆ ಜಾರೋ ಅಡುಗೆ ಕಟ್ಟೆ, ಅದರಲ್ಲಿ ಸ್ಟೋವ್ ಇಡೋ ಜಾಗ, ಒಗ್ಗರಣೆ ಡಬ್ಬಿಗೊಂದು ಗೂಡು. ಅಮ್ಮ ಅದನ್ನ ನೋಡಿ ಮನೆ ಅಡುಗೆಮನೆಗಿಂತ ಇದೇ ಚೆನ್ನಾಗಿದೆ ಕಣೇ ಅಂದ್ರು.

ಒಂದೇ ಒಂದು ತಕರಾರು ಅಂದ್ರೆ ತೂಕ. ಶೆಡ್ ಓನರ್ ಹೇಳಿದ್ರು ಅಂತ ಎಲ್ಲಾ ಕಡೆ 18 ಎಂಎಂ ಪ್ಲೈ ಹಾಕಿದ್ರು. ಎಂಟು ಬೈ ನಾಲ್ಕರ 18 ಎಂಎಂ ಹಲಗೆ ಒಂದಕ್ಕೇ ಹತ್ತಿರ ಹತ್ತಿರ 35 ಕೆಜಿ ಬರುತ್ತೆ, ನಮ್ಮ ಗಾಡಿಗೆ ಅಂಥವು ನಾಲ್ಕು ಹೋಗಿತ್ತು. ಶಿರಾಡಿ ಘಾಟಲ್ಲಿ ಇಳಿಯೋವಾಗ ಬ್ರೇಕ್ ವಾಸನೆ ಬಂದಾಗ ಅನುಮಾನ ಬಂತು, ವಾಪಸ್ ಬಂದು ಲಾರಿ ತೂಕ ಹಾಕೋ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ಆರ್‌ಸಿಲಿರೋ ತೂಕದ ಜೊತೆ ಹೋಲಿಸಿ ನೋಡ್ದೆ. ಆಮೇಲೆ ಅದೇ ಮೇಸ್ತ್ರಿ ಹತ್ರ ಭಾರ ಹೊರದೇ ಇರೋ ಕಡೆ ಎಲ್ಲ 12 ಎಂಎಂ, ಡ್ರಾಯರ್ ತಳಕ್ಕೆ 6 ಎಂಎಂ ಹಾಕ್ಸಿದೆ, ಸುಮಾರು 45 ಕೆಜಿ ಇಳೀತು. ನೀರಿನ 20 ಲೀಟರ್ ಕ್ಯಾನ್ ಎರಡು ಇಟ್ರೆ ಅಲ್ಲೇ 40 ಕೆಜಿ ಆಗುತ್ತೆ, ಅದಕ್ಕೇ ಮರದ ತೂಕದಲ್ಲಿ ಉಳಿಸಿದ್ದು ನೀರಿಗಾಯ್ತು ಅಂತ ಲೆಕ್ಕ ಹಾಕ್ಕೊಂಡೆ.

ಇನ್ನು ವೈರಿಂಗ್. ಇದನ್ನ ನಿಧಾನಕ್ಕೆ ಓದಿ.

ಮೊದಲ ದೊಡ್ಡ ಟ್ರಿಪ್ಪು ಸಕಲೇಶಪುರಕ್ಕೆ, ಪರಿಚಯದವರ ತೋಟದ ಅಂಗಳದಲ್ಲಿ ಗಾಡಿ ನಿಲ್ಲಿಸಿದ್ವಿ. ಬೆಳಗ್ಗೆ ಏಳೂವರೆ, ಮಂಜು ಇನ್ನೂ ಇಳಿದಿರ್ಲಿಲ್ಲ, ಅಮ್ಮ ದೋಸೆ ಕಲಸಿಟ್ಟು ಚಟ್ನಿಗೆ ಮಿಕ್ಸಿ ಆನ್ ಮಾಡಿದ್ರು. ನಮ್ಮದು 750 ವ್ಯಾಟ್ ಮಿಕ್ಸಿ, ಶೆಡ್‌ನವರು ಹಾಕ್ಕೊಟ್ಟಿದ್ದು 1000 ವ್ಯಾಟ್ ಇನ್ವರ್ಟರ್, ಮಿಕ್ಸಿ ಆರಾಮಾಗಿ ನಡೆಯುತ್ತೆ ಮೇಡಂ ಅಂತ ಅವರೇ ಹೇಳಿದ್ದು. ಎರಡನೇ ಸಲ ತಿರುಗಿಸಿದಾಗ ಸುಟ್ಟ ಪ್ಲಾಸ್ಟಿಕ್ ವಾಸನೆ. ತೆಂಗಿನಕಾಯಿ ಜಾಸ್ತಿ ಆಗಿ ಮಿಕ್ಸಿ ಮೋಟರ್ ಬಿಸಿ ಆಗಿರ್ಬೇಕು ಅಂತ ಅಮ್ಮ ಅಂದ್ರು, ನಾನು ಹಾಸಿಗೆ ಕೆಳಗಿನ ಬ್ಯಾಟರಿ ಬಾಕ್ಸ್ ಮೇಲೆ ಕೈ ಇಟ್ಟೆ ನೋಡಿ, ಹಲಗೆ ಬೆಚ್ಚಗಿತ್ತು. ಎದೆ ಧಸಕ್ ಅಂತು. ಮುಚ್ಚಳ ಎತ್ತಿದ್ರೆ ಕೆಂಪು ವೈರ್ ಮೇಲಿನ ಸಿಪ್ಪೆ ಮೆತ್ತಗಾಗಿ ಬೆರಳಿಗೆ ಅಂಟ್ತಿತ್ತು. ಅಮ್ಮನ್ನ ಕೆಳಗಿಳಿಸಿ ಬ್ಯಾಟರಿ ಟರ್ಮಿನಲ್ ಬಿಚ್ಚೋವರೆಗೂ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ.

ಆಗಿದ್ದು ಏನು ಅಂದ್ರೆ, ಮನೆಯಲ್ಲಿ ಕರೆಂಟು 230 ವೋಲ್ಟು, ಗಾಡಿ ಬ್ಯಾಟರಿ 12 ವೋಲ್ಟು. ಅದೇ 750 ವ್ಯಾಟ್‌ಗೆ ಮನೆ ಪ್ಲಗ್ಗಲ್ಲಿ ಮೂರು ಚಿಲ್ಲರೆ ಆಂಪ್ ಸಾಕು, ಇಲ್ಲಿ 12 ವೋಲ್ಟಲ್ಲಿ ಅರವತ್ತು ದಾಟಿ, ಇನ್ವರ್ಟರ್ ತಿನ್ನೋದೂ ಸೇರಿದ್ರೆ ಎಪ್ಪತ್ತು ಆಂಪ್ ಹತ್ರ ಹೋಗುತ್ತೆ. ಅದಕ್ಕೆ ಅವರು ಬ್ಯಾಟರಿಯಿಂದ ಇನ್ವರ್ಟರ್‌ಗೆ ಎಳೆದಿದ್ದು ಮನೆ ವೈರಿಂಗ್‌ಗೆ ಬಳಸೋ 4 ಸ್ಕ್ವೇರ್ ಎಂಎಂ ವೈರು. ನಡುವೆ ಒಂದು ಫ್ಯೂಸೂ ಇಲ್ಲ. ಫ್ಯೂಸ್ ಇಲ್ಲ ಅಂದ್ರೆ ವೈರೇ ಫ್ಯೂಸು, ಅದು ಸುಡೋದು ಹಾಸಿಗೆ ಕೆಳಗೆ, ಪ್ಲೈವುಡ್ಡಿನ ಪಕ್ಕದಲ್ಲಿ.

ಬೆಂಗಳೂರಿಗೆ ಬಂದ ಮೇಲೆ ಕಲಾಸಿಪಾಳ್ಯದ ಹತ್ರ ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಹತ್ರ ತಗೊಂಡ್ ಹೋದೆ, ಬಸ್ಸು ಲಾರಿ ವೈರಿಂಗ್ ಮಾಡಿಕೊಂಡೇ ಬಂದವರು. ಅವರು ಒಂದು ಟಾರ್ಚ್ ಹಿಡ್ಕೊಂಡು ಅರ್ಧ ಗಂಟೆ ಏನೂ ಮಾತಾಡ್ದೆ ನೋಡಿದ್ರು, ಆಮೇಲೆ ನನ್ನ ಕರೆದು ಒಂದು ಜಾಗ ತೋರಿಸಿದ್ರು. ಮುಂದಿನಿಂದ ಹಿಂದಕ್ಕೆ ವೈರ್ ಬರೋಕೆ ತಗಡಿನಲ್ಲಿ ಡ್ರಿಲ್ ಹೊಡೆದು ತೂತು ಮಾಡಿದ್ರಲ್ಲ, ಆ ತೂತಿಗೆ ಗ್ರೋಮೆಟ್, ಅಂದ್ರೆ ಅಂಚಿಗೆ ಕೂರೋ ರಬ್ಬರ್ ಬಳೆ ಹಾಕಿರ್ಲಿಲ್ಲ. ಗಾಡಿ ಅಲುಗಾಡಿ ಅಲುಗಾಡಿ ತಗಡಿನ ಅಂಚು ವೈರಿನ ಸಿಪ್ಪೆ ಕೊಯ್ದು, ಅಕ್ಕಿ ಕಾಳಿನಷ್ಟು ಜಾಗದಲ್ಲಿ ತಾಮ್ರ ಫಳಫಳ ಅಂತಿತ್ತು. ಇನ್ನೊಂದು ಐನೂರು ಕಿಲೋಮೀಟ್ರು ಓಡಿಸಿದ್ರೆ ಗಾಡಿ ತಗಡಿಗೇ ತಾಗಿ ಶಾರ್ಟ್ ಆಗ್ತಿತ್ತಮ್ಮ ಅಂದ್ರು ಅವರು. ಮಿಕ್ಸಿಯಿಂದಾಗಿದ್ದು ಕಣ್ಣಿಗೆ ಕಂಡಿತ್ತು, ಇದು ನಂಗೆ ಕಾಣೋ ಜಾಗದಲ್ಲೇ ಇರ್ಲಿಲ್ಲ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ.

ಅವರು ಎಲ್ಲ ಕಿತ್ತು ಹೊಸದಾಗಿ ಮಾಡಿಕೊಟ್ರು. ಇನ್ವರ್ಟರ್‌ನ ಬ್ಯಾಟರಿ ಪಕ್ಕಕ್ಕೇ ತಂದು ಎರಡಡಿ ಒಳಗೆ 25 ಸ್ಕ್ವೇರ್ ಎಂಎಂ ಕೇಬಲ್, ಬ್ಯಾಟರಿ ಪ್ಲಸ್ಸಿಂದ ಒಂದು ಗೇಣಿನೊಳಗೆ 125 ಆಂಪ್ ಫ್ಯೂಸ್, ಫ್ರಿಜ್‌ಗೆ ಫ್ಯಾನ್‌ಗೆ ಲೈಟಿಗೆ ಬೇರೆ ಬೇರೆ ಫ್ಯೂಸು, ಪ್ರತಿ ವೈರಿಗೂ ಚೀಟಿ ಅಂಟಿಸಿದ್ದಾರೆ, ತೂತು ಇರೋ ಕಡೆ ಎಲ್ಲ ಗ್ರೋಮೆಟ್ಟು. ಶೆಡ್‌ನವರು ಗಾಡಿ ಡೈನಮೋದಿಂದ ಮಿಕ್ಸಿ ಫ್ರಿಜ್ ನಡೆಸೋ ಲಿಥಿಯಂ ಬ್ಯಾಟರಿಗೆ ನೇರವಾಗಿ ವೈರ್ ಕೊಟ್ಟಿದ್ರು. ಖಾಲಿ ಲಿಥಿಯಂ ಬ್ಯಾಟರಿ ಸಿಕ್ಕಾಪಟ್ಟೆ ಕರೆಂಟ್ ಎಳೆಯುತ್ತೆ, ಡೈನಮೋ ಬಿಸಿಯಾಗಿ ಹೋಗುತ್ತೆ ಅಂತ ಈ ಎಲೆಕ್ಟ್ರಿಷಿಯನ್ ಹೇಳಿ, ಕರೆಂಟನ್ನ ಮಿತಿಯಲ್ಲಿ ಬಿಡೋ 20 ಆಂಪ್ ಡಿಸಿ ಟು ಡಿಸಿ ಚಾರ್ಜರ್ ನಡುವೆ ಹಾಕ್ಸಿದ್ರು. ಫ್ಯೂಸು, ಕೇಬಲ್ ತುದಿಗೆ ಹಾಕೋ ಲಗ್ಗು, ಕೇಬಲ್ ಎಲ್ಲ ನಾನೇ ಎಸ್‌ಜೆಪಿ ರೋಡು, ಎಸ್‌ಪಿ ರೋಡು ಸುತ್ತಿ ಅವರು ಬರೆದುಕೊಟ್ಟ ಚೀಟಿ ಪ್ರಕಾರ ತಂದೆ. ಚಾರ್ಜರ್ ದುಡ್ಡು ಬಿಟ್ಟು ಕೂಲಿ ಸಾಮಾನು ಸೇರಿ 14,500 ರೂಪಾಯಿ. ಇಡೀ ಗಾಡಿಯಲ್ಲಿ ನಾನು ಮನಸಾರೆ ಕೊಟ್ಟ ದುಡ್ಡು ಅಂದ್ರೆ ಅದೇ.

ಬ್ಯಾಟರಿ ಲೆಕ್ಕ ಕೇಳೋರಿಗೆ: ನಮ್ಮ ಲಿಥಿಯಂ ಬ್ಯಾಟರಿ 12.8 ವೋಲ್ಟ್ 100 ಆಂಪ್ ಅವರ್ ಅಂದ್ರೆ 1280 ವ್ಯಾಟ್ ಅವರ್. ಸಣ್ಣ 12 ವೋಲ್ಟ್ ಫ್ರಿಜ್ ದಿನಕ್ಕೆ ಸುಮಾರು 500 ತಿನ್ನುತ್ತೆ, ರಾತ್ರಿ ಫ್ಯಾನು 160, ಲೈಟು ಮೊಬೈಲು ಸೇರಿ ನೂರರ ಆಚೀಚೆ. ಗಾಡಿ ಓಡಿಸದೆ ಒಂದೂವರೆ ದಿನ ಆರಾಮಾಗಿ ಬರುತ್ತೆ. ಮೇಲೆ 100 ವ್ಯಾಟ್ ಸೋಲಾರ್ ಇದೆ, ಮಲೆನಾಡಿನ ಮಳೇಲಿ ಅದನ್ನ ನಂಬ್ಕೊಂಡು ಕೂರೋಕಾಗಲ್ಲ.

ಗ್ಯಾಸ್ ವಿಷಯದಲ್ಲೂ ಅದೇ ಕತೆ. 5 ಕೆಜಿ ಸಿಲಿಂಡರ್‌ಗೆ ಹಾಸಿಗೆ ಕೆಳಗೆ ಚಂದದ ಮುಚ್ಚಿದ ಡಬ್ಬ ಮಾಡಿದ್ರು, ತಳದಲ್ಲಿ ಒಂದು ತೂತಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರೆ ಕೆಳಗೆ ಇಳಿದು ನೆಲದ ಮೇಲೇ ನಿಲ್ಲುತ್ತೆ, ಅದು ಹೊರಗೆ ಹೋಗೋಕೆ ತಳದಲ್ಲೇ ದಾರಿ ಇರಬೇಕು. ನಾನು ಸಿಲಿಂಡರೇ ತೆಗೆದ್ಬಿಟ್ಟೆ, ಈಗ ಸಣ್ಣ ಗ್ಯಾಸ್ ಕ್ಯಾನ್ ಹಾಕೋ ಸ್ಟೋವ್, ಅಡುಗೆ ಏನಿದ್ರೂ ಹಿಂದಿನ ಬಾಗಿಲು ಎತ್ತಿ ಹೊರಗೇನೇ. ಎಷ್ಟೇ ಚಳಿ ಇದ್ರೂ ಬಾಗಿಲು ಹಾಕ್ಕೊಂಡು ಒಳಗೆ ಸ್ಟೋವ್ ಹಚ್ಬೇಡಿ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೇಲೇ ಹೋಗ್ಬಿಡ್ತಾರೆ. ರಾತ್ರಿ ಎರಡೂ ಕಡೆ ಗ್ಲಾಸ್ ಒಂದೆರಡು ಬೆರಳು ತೆಗೆದಿಟ್ಟು ಸೊಳ್ಳೆ ಪರದೆ ಹಾಕ್ತೀವಿ, ಇಲ್ಲಾಂದ್ರೆ ಇಬ್ಬರ ಉಸಿರಿಗೇ ಬೆಳಗ್ಗೆ ತಗಡೆಲ್ಲ ಬೆವರಿರುತ್ತೆ.

ಆರ್‌ಟಿಓ ಬಗ್ಗೆ ಓನರ್ ಹೇಳಿದ್ದು, ಏನೂ ಆಗಲ್ಲ ಮೇಡಂ ಯಾರೂ ಕೇಳಲ್ಲ ಅಂತ. ಇದನ್ನ ನಂಬಬೇಡಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದಂಗೆ ಗಾಡಿ ಬದಲಾಯಿಸೋ ಹಂಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಒತ್ತಿ ಹೇಳಿದೆ. ಕಂಪನಿಗಳು ಕ್ಯಾರವಾನ್ ಮಾಡಿ ಮಾರೋಕೆ ಎಐಎಸ್ 124 ಅಂತ ಬೇರೆ ಸ್ಟ್ಯಾಂಡರ್ಡೇ ಇದೆ. ಅದಕ್ಕೇ ನಾನು ರೂಫ್ ಕತ್ತರಿಸೋದು ಬೇಡ, ವೆಲ್ಡಿಂಗ್ ಬೇಡ ಅಂತ ಮೊದಲೇ ಹೇಳಿದ್ದೆ. ನಂದು ಪೂರ್ತಿ ಬಿಚ್ಚೋ ಕಿಟ್ಟು, ಸೀಟಿನ ಹಳೇ ಬೋಲ್ಟ್ ತೂತಿಗೇ ಕೂರುತ್ತೆ, ಬಿಚ್ಚಿದ್ರೆ ಹಿಂದಿನ ಸೀಟು ಅದೇ ಜಾಗಕ್ಕೆ ವಾಪಸ್. ಇನ್ಶೂರೆನ್ಸ್ ಕಂಪನಿಗೂ ಕೆಲಸ ಶುರು ಮಾಡೋ ಮೊದಲೇ ನಕ್ಷೆ ಸಮೇತ ಮೇಲ್ ಹಾಕಿದ್ದೆ. ನೀವು ಸೀಟನ್ನೇ ಶಾಶ್ವತವಾಗಿ ತೆಗೀತೀರಾ ಅಂದ್ರೆ ದಯವಿಟ್ಟು ಮೊದಲು ನಿಮ್ಮ ಆರ್‌ಟಿಓಲಿ ವಿಚಾರಿಸಿ ಒಪ್ಪಿಗೆ ತಗೊಳ್ಳಿ.

ಖರ್ಚು: ಶೆಡ್‌ನವರು ಹೇಳಿದ್ದು 1.35 ಲಕ್ಷ, ಮುಗಿಯೋಷ್ಟರಲ್ಲಿ 1.72. ಮೂರು ವಾರ ಅಂದಿದ್ದು ಎಂಟು ವಾರ. ವೈರಿಂಗ್ ಫೋಟೋ ಎಲ್ಲ ತೋರಿಸಿದಾಗ ಓನರ್ ಮೊದಲು, ಮಿಕ್ಸಿ ಅಷ್ಟು ಹೊತ್ತು ಹಾಕಬಾರ್ದಿತ್ತು ಅಂತ ನಮ್ಮ ಮೇಲೇ ಹಾಕಿದ್ರು, ಅದು ನಂಗೆ ತುಂಬಾ ಬೇಜಾರಾಯ್ತು. ಆ ಸುಟ್ಟ ವೈರನ್ನೇ ಅವರ ಟೇಬಲ್ ಮೇಲೆ ಇಟ್ಟು ಕೂತ್ಕೊಂಡೆ. ಕೊನೆಗೆ ಆರು ಸಾವಿರ ವಾಪಸ್ ಕೊಟ್ರು, ಇನ್ಮೇಲೆ ವೈರಿಂಗ್‌ಗೆ ಹೊರಗಿನಿಂದ ಗೊತ್ತಿರೋರನ್ನ ಕರೆಸ್ತೀವಿ ಅಂದ್ರು. ಕರೆಸ್ತಿದ್ದಾರಾ ಅಂತ ನೀವು ಹೋದಾಗ ಕೇಳಿ. ಎಲ್ಲೇ ಮಾಡಿಸಿದ್ರೂ ಹಲಗೆ ಮುಚ್ಚೋ ಮೊದಲು ಒಳಗಿನ ವೈರಿನ ಫೋಟೋ ಕಳಿಸಿ ಅಂತ ಕೇಳಿ, ಫ್ಯೂಸ್ ಎಲ್ಲಿದೆ ಬೆರಳಿಟ್ಟು ತೋರಿಸಿ ಅನ್ನಿ. ತೋರಿಸೋಕೆ ಹಿಂದೆ ಮುಂದೆ ನೋಡಿದ್ರೆ ಅಡ್ವಾನ್ಸ್ ಕೊಡ್ಬೇಡಿ.

ರಾತ್ರಿ ತಂಗೋ ಜಾಗಕ್ಕೆ ನಾವು ಹೋಮ್‌ಸ್ಟೇ ಅಂಗಳ, ಗುರುತಿನವರ ತೋಟ, ಇಲ್ಲ ಕೇಳ್ಕೊಂಡು ದೇವಸ್ಥಾನದ ಪಾರ್ಕಿಂಗು. ಕಾಡಿನ ದಾರಿ ಬದಿ ನಿಲ್ಲಿಸೋದು ಬೇಡವೇ ಬೇಡ, ಬಂಡೀಪುರದಲ್ಲಂತೂ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗಾಡಿಗಳನ್ನೇ ಬಿಡಲ್ಲ, ಟೈಮ್ ನೋಡ್ಕೊಂಡು ಹೊರಡಿ. ಮರವಂತೆಗೆ ಹೋದಾಗ ಮಾತ್ರ ರೋಡಿನ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ಅಮ್ಮ ಆ 16 ಇಂಚಿನ ಹಾಸಿಗೆ ಅಂಚಲ್ಲಿ ಕಾಲು ಊರ್ಕೊಂಡು, ಎರಡೂ ಬಾಗಿಲು ತೆಗೆಸಿ, ಒಂದು ಗಂಟೆ ಹಂಗೇ ಕೂತಿದ್ರು. ಮುಂದಿನ ಶುಕ್ರವಾರ ಹೊರನಾಡಿಗೆ ಹೊರಟಿದ್ದೀವಿ. ಮಿಕ್ಸಿ ತಗೊಳ್ಲಾ ಅಂತ ಅಮ್ಮ ಕೇಳಿದ್ರು, ತಗೊಳ್ಳಮ್ಮ ಅಂದೆ.